ನಿಮ್ಮ ಧರ್ಮಕೇಂದ್ರದಲ್ಲಿ ನಿಜವಾಗಿ ಚೆನ್ನಾಗಿರುವುದು ಏನು? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೇಳಿ

ಕೌಲ್‌ಬಜಾರ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಕಥೋಲಿಕ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಬರೀ ದೂರು. ಮೈಕ್ ಸರಿಯಿಲ್ಲ, ಪ್ರಬೋಧನೆ ಉದ್ದ ಆಯಿತು, ಗೇಟಿಗೆ ಅಡ್ಡ ಬೈಕ್ ನಿಲ್ಲಿಸಿದ್ದು ಯಾರು, ಹಬ್ಬದ ಊಟದಲ್ಲಿ ನಮ್ಮ ಬೀದಿಯವರಿಗೆ ಕೊನೆಗೆ ಯಾಕೆ ಬಡಿಸಿದಿರಿ. ಇದರಲ್ಲಿ ನಿಜವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಮಕ್ಕಳೂ ಅದೇ ಗುಂಪಿನಲ್ಲಿದ್ದಾರೆ. ಅವರಿಗೆ ಚರ್ಚ್ ಅಂದರೆ ಜಗಳದ ಜಾಗ ಅಂತಲೇ ಅನ್ನಿಸಿಬಿಟ್ಟರೆ?

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಿಮ್ಮ ಚರ್ಚು ಮತ್ತು ಅದಕ್ಕೆ ಸೇರಿದ ಜನರಲ್ಲಿ, ಚೆನ್ನಾಗಿರುವ ಒಂದು ಸಂಗತಿ ಬರೆಯಿರಿ. "ನಮ್ಮ ಫಾದರ್ ತುಂಬಾ ಒಳ್ಳೆಯವರು" ಅಂತ ಒಂದೇ ಸಾಲು ಹಾಕಿ ಹೋಗಬೇಡಿ. ಯಾರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ, ಅದನ್ನು ಬರೆಯಿರಿ. ಯಾರ ಹೆಸರೂ ಬೇಡ.

ನಾನೇ ಶುರು ಮಾಡುತ್ತೇನೆ. ನಮ್ಮಲ್ಲಿ ಚೆನ್ನಾಗಿರುವುದು ಸಾವಿನ ಮನೆಗೆ ಜನ ಬರುವ ರೀತಿ. ನಮ್ಮ ಅಪ್ಪ ತೀರಿಕೊಂಡಾಗ ಕಿರು ಕ್ರೈಸ್ತ ಸಮುದಾಯದವರು (ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನವರು) ಕರೆಯದೆಯೇ ಬಂದರು. ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಎದುರು ಬೀದಿಯ ತೆಲುಗಿನ ಅಮ್ಮ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು, ಚಹಾ ತಂದು ಎಲ್ಲರಿಗೂ ತಾವೇ ಬಡಿಸಿದರು. ಮೇ ತಿಂಗಳು, ನೆಲ ಕಲ್ಲಿನಂತಿತ್ತು. ಯುವಕರು ಬೆಳಗಿನ ಜಾವವೇ ಹೋಗಿ ಸರದಿ ಮೇಲೆ ಗುಂಡಿ ತೋಡಿದರು, ಒಂದು ರೂಪಾಯಿ ಮುಟ್ಟಲಿಲ್ಲ. ರಾತ್ರಿ ಜಪಸರದಲ್ಲಿ ಒಂದು ದಶಕ (ಹತ್ತು ಜಪದ ಸುತ್ತು) ಕನ್ನಡದಲ್ಲಿ, ಇನ್ನೊಂದು ತೆಲುಗಿನಲ್ಲಿ, ಮತ್ತೊಂದು ತಮಿಳಿನಲ್ಲಿ ಹೇಳಿದರು. ಅಪ್ಪನಿಗೂ ಫಾದರ್‌ಗೆ ಸಲಹೆ ಕೊಡುವ ಪಾಲನಾ ಮಂಡಳಿಯ ಕೆಲವರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅವರೇ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ನನಗೆ ಇದಕ್ಕಿಂತ ದೊಡ್ಡದು ಏನೂ ಬೇಡ.

ಹಾಡುಗಾರ್ತಿ

ನಮ್ಮ ಗಾನವೃಂದ! ಹಾರ್ಮೋನಿಯಂ ನುಡಿಸುವವರು ಗಾರೆ ಕೆಲಸದವರು. ಶನಿವಾರ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ನೇರ ಅಭ್ಯಾಸಕ್ಕೆ ಬರುತ್ತಾರೆ. ಒಂದು ಶನಿವಾರವೂ ತಪ್ಪಿಸುವುದಿಲ್ಲ. ಹೊಸ ಮಕ್ಕಳಿಗೆ ಸ್ವರ ಹಿಡಿಯುವುದಕ್ಕೆ ಕಷ್ಟ ಆದರೆ ಬೈಯುವುದಿಲ್ಲ, ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ.

ಶಕ್ತಿನಗರ ಶಿಫ್ಟ್

ನಾನು ಕೆಲಸದ ಮೇಲೆ ರಾಯಚೂರು ಜಿಲ್ಲೆಯ ಶಕ್ತಿನಗರಕ್ಕೆ ಬಂದವನು, ಮೂಲ ದಕ್ಷಿಣ ಕನ್ನಡ. ವಿದ್ಯುತ್ ಕೇಂದ್ರ ಇರುವ ಊರು, ಎಲ್ಲ ರಾಜ್ಯದವರೂ ಇದ್ದಾರೆ. ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬರು ಹಿರಿಯರು ಬಾಗಿಲಲ್ಲಿ ತಡೆದು "ಹೊಸಬರಾ? ಯಾವ ಶಿಫ್ಟು? ಊಟಕ್ಕೆ ಏನು ಮಾಡಿಕೊಂಡಿದ್ದೀರಿ?" ಅಂತ ಕೇಳಿದರು. ಮಂಗಳೂರು ಕಡೆ ಚರ್ಚುಗಳು ದೊಡ್ಡವು, ಸಾವಿರಾರು ಜನ, ಒಬ್ಬ ಹೊಸಬ ಬಂದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಒಂದು ಬೆಂಚು ಖಾಲಿ ಇದ್ದರೂ ಗೊತ್ತಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿಬಿಟ್ಟರೆ ಸಂಜೆ ಫೋನ್ ಬರುತ್ತದೆ, "ಆರೋಗ್ಯ ಹೇಗಿದೆ?" ಅಂತ. ನಮ್ಮ ಗುಲ್ಬರ್ಗ ಧರ್ಮಕ್ಷೇತ್ರದಲ್ಲಿ (ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕೆಳಗಿನ ಪ್ರದೇಶದಲ್ಲಿ) ಜನ ಕಡಿಮೆ, ಅದಕ್ಕೇ ಒಬ್ಬರಿಗೊಬ್ಬರು ಬೇಕು ಅನ್ನಿಸುತ್ತದೆ.

ಹೊಸಪೇಟೆ ಹಳಬ

@ಶಕ್ತಿನಗರ ಶಿಫ್ಟ್, ರಾಯಚೂರು ಗುಲ್ಬರ್ಗಕ್ಕೆ ಸೇರಿಲ್ಲ. ಬಳ್ಳಾರಿ ಧರ್ಮಕ್ಷೇತ್ರಕ್ಕೇ ಸೇರಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲ ಒಂದೇ. ಬಳ್ಳಾರಿ ಧರ್ಮಕ್ಷೇತ್ರ ಆದದ್ದು 1949ರಲ್ಲಿ. ಗುಲ್ಬರ್ಗ ಬಂದದ್ದು 2005ರಲ್ಲಿ, ಅದಕ್ಕೆ ಕಲಬುರಗಿ, ಬೀದರ್ ಕಡೆಯ ಊರುಗಳು. ಸರ್ಕಾರದ ಕಂದಾಯ ವಿಭಾಗದಲ್ಲಿ ನೀವು ಕಲಬುರಗಿಗೆ ಸೇರುತ್ತೀರಿ. ಅಲ್ಲೇ ಎಲ್ಲರಿಗೂ ಗೊಂದಲ ಆಗುವುದು.

ಶಕ್ತಿನಗರ ಶಿಫ್ಟ್

ಸರಿ ಸರ್, ತಿಳಿಯಿತು. ಮಾತು ಮಾತ್ರ ಅದೇ, ಜನ ಕಡಿಮೆ, ಪ್ರೀತಿ ಜಾಸ್ತಿ.

ಲೆಕ್ಕ ಕೇಳುವವನು

ಅಕ್ಕಾ, ನನಗೆ ಈ ಪ್ರಶ್ನೆಯೇ ಸರಿ ಕಾಣುತ್ತಿಲ್ಲ. ದೂರು ನಿಲ್ಲಿಸಿ, ಒಳ್ಳೆಯದನ್ನು ಮಾತ್ರ ಹೇಳಿ ಅಂದರೆ ತಪ್ಪು ಮಾಡುವವರಿಗೆ ಅನುಕೂಲ. ನಾನು ಹಿಂದೆ ಇದ್ದ ಒಂದು ಕಡೆ ಸಭಾಂಗಣ ಕಟ್ಟಿಸಿದರು. ಮನೆಮನೆಯಿಂದ ದುಡ್ಡು ಎತ್ತಿದರು. ಲೆಕ್ಕ ಕೇಳಿದರೆ "ನಿಮಗೆ ನಂಬಿಕೆ ಇಲ್ಲವಾ?" ಅಂದರು. ಕೂಲಿ ಮಾಡುವವರು ಒಂದು ದಿನದ ಕೂಲಿ ಕೊಟ್ಟಿದ್ದರು. ಅವರಿಗೆ ಲೆಕ್ಕ ಹೇಳುವುದು ನಂಬಿಕೆಯ ಪ್ರಶ್ನೆ ಅಲ್ಲ, ಮರ್ಯಾದೆಯ ಪ್ರಶ್ನೆ.

ಕೌಲ್‌ಬಜಾರ್ ಅಕ್ಕ

ದೂರು ನಿಲ್ಲಿಸಿ ಅಂತ ನಾನು ಹೇಳಿಲ್ಲ ಅಣ್ಣಾ. ಲೆಕ್ಕ ಕೇಳಲೇಬೇಕು. ನಾನು ಕೇಳುತ್ತಿರುವುದು, ಉಪ್ಪಿಟ್ಟು ತಂದ ಆ ಅಮ್ಮನ ಬಗ್ಗೆ ಇದುವರೆಗೆ ಗುಂಪಿನಲ್ಲಿ ಯಾರೂ ಒಂದು ಸಾಲು ಯಾಕೆ ಬರೆದಿಲ್ಲ ಅಂತ.

ಕೊಪ್ಪಳ ನಿವೃತ್ತ

@ಲೆಕ್ಕ ಕೇಳುವವನು, ನೀವು ಹೇಳಿದ್ದು ಧರ್ಮಸಭೆಯ ಕಾನೂನಿನಲ್ಲೇ ಇದೆ. 1983ರ ಧರ್ಮಸಭಾ ಕಾನೂನಿನ 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಮಂಡಳಿ ಇರಲೇಬೇಕು. ಫಾದರ್ ಇಷ್ಟಪಟ್ಟರೆ ಮಾತ್ರ ಅನ್ನುವ ವಿಷಯ ಅದಲ್ಲ. ಪಾಲನಾ ಮಂಡಳಿ ಬೇರೆ, ಅದು 536ನೇ ವಿಧಿ, ಧರ್ಮಾಧ್ಯಕ್ಷರು ಬೇಕು ಅಂದರೆ ರಚಿಸುವುದು.

ನಮ್ಮಲ್ಲಿ ಚೆನ್ನಾಗಿರುವುದೂ ಇದೇ. ನಮ್ಮ ಹಣಕಾಸು ಮಂಡಳಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರಿದ್ದಾರೆ. ಕಾಣಿಕೆ ಡಬ್ಬಿ ತೆರೆಯುವಾಗ ಕನಿಷ್ಠ ಮೂವರು ಇರಲೇಬೇಕು ಅಂತ ನಿಯಮ ಮಾಡಿದ್ದಾರೆ. ಮೂರು ತಿಂಗಳಿಗೊಮ್ಮೆ ಲೆಕ್ಕ ಬರೆದು ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸುತ್ತಾರೆ. ಮೇಣದಬತ್ತಿಗೆ ಎಷ್ಟು, ಕರೆಂಟ್ ಬಿಲ್ಲಿಗೆ ಎಷ್ಟು, ವಿನ್ಸೆಂಟ್ ದೆ ಪೌಲ್ ಸಭೆಯ ಮೂಲಕ ಬಡವರ ಔಷಧಿಗೆ ಎಷ್ಟು, ಎಲ್ಲ ಇರುತ್ತದೆ. ಔಷಧಿ ಪಡೆದವರ ಹೆಸರು ಮಾತ್ರ ಇರುವುದಿಲ್ಲ. ಇದು ತಾನಾಗಿ ಬಂದದ್ದಲ್ಲ, ನಿಮ್ಮಂಥವರು ಒಬ್ಬರು ಪಟ್ಟು ಹಿಡಿದು ಕೇಳಿದ್ದಕ್ಕೆ ಬಂದದ್ದು.

ಲೆಕ್ಕ ಕೇಳುವವನು

ಈಗ ಖುಷಿ ಆಯಿತು. ಹಾಗಾದರೆ ಪ್ರಶ್ನೆ ಕೇಳುವವರನ್ನೂ ಒಳ್ಳೆಯ ಸಂಗತಿಗಳ ಪಟ್ಟಿಗೆ ಸೇರಿಸಿ.

ಗಂಗಾವತಿ ಕ್ಯಾಂಪ್

ನಮ್ಮದು ಗಂಗಾವತಿ ಹತ್ತಿರದ ಕ್ಯಾಂಪ್. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಭತ್ತ ಬೆಳೆಯಲು ಬಂದವರಲ್ಲಿ ನಮ್ಮ ಅಜ್ಜನೂ ಒಬ್ಬರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಕ್ಯಾಂಪಿನಲ್ಲಿ ಫಾದರ್ ಇಲ್ಲ. ಇದು ಉಪಕೇಂದ್ರ, ಎರಡು ವಾರಕ್ಕೊಮ್ಮೆ ಪೂಜೆ. ಉಳಿದ ಭಾನುವಾರ ಉಪದೇಶಿ (ಫಾದರ್ ಅಲ್ಲದ, ಧರ್ಮ ಬೋಧಿಸುವವರು) ಪ್ರಾರ್ಥನೆ ನಡೆಸುತ್ತಾರೆ.

ನಮ್ಮ ಉಪದೇಶಿ ಬಗ್ಗೆ ಬರೆಯಲೇಬೇಕು. ಅವರಿಗೆ ಸಿಗುವುದು ತುಂಬಾ ಕಡಿಮೆ, ಹೊಟ್ಟೆಪಾಡಿಗೆ ಗುತ್ತಿಗೆ ಹೊಲ ಮಾಡುತ್ತಾರೆ. ಆದರೂ ಸೈಕಲ್ ಮೇಲೆ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗಿ ಮಕ್ಕಳಿಗೆ ಜಪ ಕಲಿಸುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗು ಶಾಲೆ ಬಿಟ್ಟಿದೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಫಾದರ್‌ಗೆ ಅವರಿಂದಲೇ ಗೊತ್ತಾಗುವುದು. ಕುಡಿತ ಬಿಡಿಸಲು ಒಬ್ಬರನ್ನು ತಾವೇ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲೇ ಜೊತೆಗೆ ಉಳಿದರು. ಆ ಮನುಷ್ಯ ಈಗ ಪೂಜೆಯಲ್ಲಿ ವಾಚನ ಓದುತ್ತಾನೆ.

ಸುಗ್ಗಿ ಆದ ಮೇಲೆ ಹೊಸ ಅಕ್ಕಿಯನ್ನು ಕಾಣಿಕೆ ತರುತ್ತೇವೆ. ಹಣ ಇರುವವರು ಚೀಲ, ಇಲ್ಲದವರು ಸೇರು. ಅದು ಫಾದರ್ ಮನೆಗೆ ಹೋಗುವುದಿಲ್ಲ. ಹೊಲ ಇಲ್ಲದ ಮನೆಗಳಿಗೂ ಸಿಸ್ಟರ್‌ಗಳ ಹಾಸ್ಟೆಲ್‌ಗೂ ಹೋಗುತ್ತದೆ.

ಕೋಟೆ ಕೆಳಗೆ

ಉಪದೇಶಿಗಳಿಗೆ ಸರಿಯಾದ ಸಂಬಳ ಕೊಡದೆ ಹೀಗೆ ಹೊಗಳುವುದು ನ್ಯಾಯ ಅಲ್ಲ. ಹೊಗಳಿಕೆಯಿಂದ ಅವರ ಮಕ್ಕಳ ಫೀಸು ಕಟ್ಟಲು ಆಗುತ್ತದಾ?

ಗಂಗಾವತಿ ಕ್ಯಾಂಪ್

@ಕೋಟೆ ಕೆಳಗೆ, ಒಪ್ಪಿದೆ. ಹೋದ ವರ್ಷ ನಮ್ಮ ಕ್ಯಾಂಪಿನವರೇ ಸೇರಿ ಅವರ ಮಗಳ ನರ್ಸಿಂಗ್ ಫೀಸಿಗೆ ದುಡ್ಡು ಕೂಡಿಸಿದೆವು. ಆದರೆ ಅದು ಪ್ರತಿ ವರ್ಷ ನಡೆಯುವ ವ್ಯವಸ್ಥೆ ಆಗಬೇಕು, ಆ ಮಾತು ನಿಜ.

ಮುದಗಲ್ ಮೊಮ್ಮಗ

ನಮ್ಮೂರನ್ನು ಮರೆತೇಬಿಟ್ಟಿರಿ! ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಕಥೋಲಿಕರು ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಿಂದ ಇದ್ದಾರೆ. ಗೋವಾ ಕಡೆಯಿಂದ ಬಂದ ಗುರುಗಳು ಶುರು ಮಾಡಿದ್ದು. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೂ ನಮ್ಮ ಪ್ರಸ್ತಾಪ ಇದೆ. "ನೀವೆಲ್ಲ ಮೊನ್ನೆ ಮೊನ್ನೆ ಸೇರಿದವರು" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನೂರಾರು ವರ್ಷದಿಂದ ಇದೇ ಮಣ್ಣು, ಇದೇ ಜೋಳದ ರೊಟ್ಟಿ.

ನಮ್ಮಲ್ಲಿ ಚೆನ್ನಾಗಿರುವುದು ಹಿರಿಯರ ನೆನಪು. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳ ಪ್ರಾರ್ಥನೆ ಪೂರ್ತಿ ಬಾಯಿಪಾಠ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಕರೆಂಟ್ ಹೋದರೆ ಪುಸ್ತಕ ಹಿಡಿದವರೆಲ್ಲ ನಿಂತುಬಿಡುತ್ತಿದ್ದರು, ಅಜ್ಜಿಯ ಜೊತೆಗಿದ್ದ ಹೆಂಗಸರು ಮಾತ್ರ ಮುಂದುವರಿಸುತ್ತಿದ್ದರು. ಈಗ ಆ ಗುಂಪಿನಲ್ಲಿ ಉಳಿದವರು ಕೆಲವರೇ. ನಮ್ಮ ಯುವಕರು ಮೊಬೈಲಿನಲ್ಲಿ ಅವರ ದನಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆ.

ನೆರೆಮನೆ ಬಸವ

ನಾನು ಲಿಂಗಾಯತ. ಮಾತಾಡಬಹುದು ಅಲ್ವಾ? ನಮ್ಮ ಅಮ್ಮ ಮಂಗಳವಾರ ಬಳ್ಳಾರಿಯಲ್ಲಿ ಸಂತ ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚಲು ಬರುತ್ತಾರೆ. ಹಣೆಯಲ್ಲಿ ವಿಭೂತಿ ಇದ್ದೇ ಇರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರೂ "ನೀವು ಯಾರು, ಯಾಕೆ ಬಂದಿರಿ" ಅಂತ ಕೇಳಿಲ್ಲ. ಮಂಡಿ ನೋವು ಅಂತ ಗೊತ್ತಾದ ಮೇಲೆ ಅಲ್ಲಿಯ ಹೆಂಗಸರು ಗೋಡೆ ಪಕ್ಕ ಒಂದು ಕುರ್ಚಿ ಹಾಕಿಡುತ್ತಾರೆ. ನಿಮ್ಮವರ ಬಗ್ಗೆ ನನ್ನ ಉತ್ತರ ಆ ಕುರ್ಚಿ.

ಹೊಸಪೇಟೆ ಹಳಬ

ಬಸವಣ್ಣ, ಅಮ್ಮನವರಿಗೆ ನಮಸ್ಕಾರ ತಿಳಿಸಿ. ಮಂಗಳವಾರ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಸಂತ ಅಂತೋಣಿಯವರು ತೀರಿಕೊಂಡದ್ದು 1231ರ ಜೂನ್ 13, ಶುಕ್ರವಾರ. ಪಾದುವಾದಲ್ಲಿ ಅವರನ್ನು ಸಮಾಧಿ ಮಾಡಿದ್ದು ಮುಂದಿನ ಮಂಗಳವಾರ. ಅದಕ್ಕೇ ಮಂಗಳವಾರದ ಭಕ್ತಿ. ಒಂದು ವರ್ಷ ತುಂಬುವ ಮೊದಲೇ ಸಂತರೆಂದು ಘೋಷಿಸಿದರು. ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿ ಲೋಕದ ಎಷ್ಟೋ ಕಡೆ ಇದೆ.

ಮುದಗಲ್ ಮೊಮ್ಮಗ

ನಮ್ಮೂರಿನ ಮೊಹರಂಗೂ ಹೀಗೇ ಎಲ್ಲರೂ ಬರುತ್ತಾರೆ. ದೂರ ದೂರದಿಂದ ಜನ. ಈ ಭಾಗದಲ್ಲಿ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದು ಹೊಸದೇನಲ್ಲ. ಅದನ್ನು ಉಳಿಸಿಕೊಳ್ಳಬೇಕು.

ಪಿಯುಸಿ ಮುಗಿಸಿದವ

ಇಲ್ಲಿ ಎಲ್ಲರೂ ಹಿರಿಯರೇ ಇದ್ದೀರಿ. ನಾನೂ ಒಂದು ಹೇಳುತ್ತೇನೆ. ನಮ್ಮ ಮನೆ ಒಂದೇ ಕೋಣೆ, ಐದು ಜನ, ಟಿವಿ ಯಾವಾಗಲೂ ಆನ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ನಮ್ಮ ಧರ್ಮಕೇಂದ್ರದಲ್ಲಿ ಧರ್ಮೋಪದೇಶ ತರಗತಿಯ ಕೋಣೆಯನ್ನು ರಾತ್ರಿ ಹತ್ತರವರೆಗೆ ತೆರೆದಿಡುತ್ತಾರೆ. ಫ್ಯಾನ್, ಲೈಟ್, ಕುಡಿಯುವ ನೀರು ಇರುತ್ತದೆ. ಯಾವ ಧರ್ಮದ ಹುಡುಗರಾದರೂ ಬರಬಹುದು. ನಮ್ಮ ಭಾನುವಾರದ ಟೀಚರ್ ಗಣಿತ ಹೇಳಿಕೊಡುತ್ತಿದ್ದರು. ಅವರು ಖಾಸಗಿ ಶಾಲೆಯಲ್ಲಿ ದಿನವಿಡೀ ಪಾಠ ಮಾಡಿ ಬಂದು ಮತ್ತೆ ನಮಗೆ ಪಾಠ ಮಾಡುತ್ತಿದ್ದರು. ನಾನು ಪಾಸಾದದ್ದು ಆ ಕೋಣೆಯಿಂದ.

ಒಂದು ದೂರೂ ಇದೆ. ಹಬ್ಬ ಬಂದರೆ ಯುವಕರು ಬೇಕು. ಕುರ್ಚಿ ಹಾಕಲು, ತೇರು ಎಳೆಯಲು, ಎಲೆ ಎತ್ತಲು. ಮೀಟಿಂಗ್ ಅಂದರೆ ನಾವು ಬೇಡ.

ಕೊಪ್ಪಳ ನಿವೃತ್ತ

ಮಗಾ, ಕುರ್ಚಿ ಹಾಕುವುದು ಸಣ್ಣ ಕೆಲಸ ಅಂತ ತಿಳಿಯಬೇಡ. ನಾವೂ ಅದನ್ನು ಮಾಡಿಯೇ ಬಂದವರು. ಸೇವೆ ಮಾಡುತ್ತಾ ಇದ್ದರೆ ಜಾಗ ತಾನಾಗಿ ಸಿಗುತ್ತದೆ.

ಪಿಯುಸಿ ಮುಗಿಸಿದವ

ಕುರ್ಚಿ ಹಾಕುತ್ತೇನೆ ಅಜ್ಜಾ, ಬೇಡ ಅಂದಿಲ್ಲ. ಆದರೆ "ತಾನಾಗಿ" ಸಿಗುವಷ್ಟರಲ್ಲಿ ನಮ್ಮಲ್ಲಿ ಅರ್ಧ ಜನ ಬೆಂಗಳೂರು ಸೇರಿರುತ್ತಾರೆ. ಈಗಲೇ ಪಾಲನಾ ಮಂಡಳಿಯಲ್ಲಿ ಇಬ್ಬರನ್ನು ತೆಗೆದುಕೊಳ್ಳಿ. ಹೇಗಿದ್ದರೂ ಅದು ಸಲಹೆ ಕೊಡುವ ಮಂಡಳಿ, ಅಲ್ವಾ? ನಮ್ಮ ಸಲಹೆಯನ್ನೂ ಕೇಳಿ.

ಹಾಡುಗಾರ್ತಿ

ತಮ್ಮ ಹೇಳಿದ್ದು ಸರಿ. 2021ರಲ್ಲಿ ಪೋಪ್ ಫ್ರಾನ್ಸಿಸ್ ಸಿನೊಡ್ (ಇಡೀ ಧರ್ಮಸಭೆಯ ಸಮಾಲೋಚನೆ) ಶುರು ಮಾಡಿದಾಗ ಪ್ರತಿ ಧರ್ಮಕೇಂದ್ರದಲ್ಲೂ ಜನರ ಮಾತು ಕೇಳಿ ಅಂದಿದ್ದರು. ನಮ್ಮಲ್ಲಿ ಗುಂಪು ಗುಂಪಾಗಿ ಕೂತು ಮಾತಾಡಿದೆವು. ಮನೆಗೆಲಸಕ್ಕೆ ಹೋಗುವ ಹೆಂಗಸರು ಭಾನುವಾರ ಬೆಳಗ್ಗೆ ಬರಲು ಆಗುವುದಿಲ್ಲ ಅಂದರು. ಅದಾದ ಮೇಲೆ ಸಂಜೆ ಪೂಜೆ ಶುರುವಾಯಿತು. ಕೇಳಿದರೆ ಆಗುತ್ತದೆ.

ಕೌಲ್‌ಬಜಾರ್ ಅಕ್ಕ

@ಪಿಯುಸಿ ಮುಗಿಸಿದವ, ಆ ಕೋಣೆಯ ವಿಷಯ ಓದಿ ಮನಸ್ಸು ತುಂಬಿ ಬಂತು. ನಮ್ಮಲ್ಲೂ ಮಾಡಬಹುದು. ಕೋಣೆ ಖಾಲಿಯೇ ಇರುತ್ತದೆ. ಕೀಲಿ ಯಾರ ಹತ್ತಿರ ಇರುತ್ತದೆ, ರಾತ್ರಿ ಯಾರು ನೋಡಿಕೊಳ್ಳುತ್ತಾರೆ ಅಂತ ಸ್ವಲ್ಪ ವಿವರ ಬರೆಯಪ್ಪಾ.

ಪಿಯುಸಿ ಮುಗಿಸಿದವ

ಕೀಲಿ ವಿನ್ಸೆಂಟ್ ದೆ ಪೌಲ್ ಸಭೆಯ ಅಂಕಲ್ ಹತ್ತಿರ. ದಿನಕ್ಕೆ ಒಬ್ಬ ಪೋಷಕರು ಸರದಿ ಮೇಲೆ ಬಂದು ಕೂರುತ್ತಾರೆ. ಹುಡುಗಿಯರನ್ನು ಮನೆ ಬಾಗಿಲವರೆಗೆ ಬಿಟ್ಟು ಬರುವುದು ಅವರದೇ ಜವಾಬ್ದಾರಿ. ಮೊಬೈಲ್ ಡಬ್ಬಿಯಲ್ಲಿ ಹಾಕಿ ಒಳಗೆ ಹೋಗಬೇಕು.

ಕಂಟೋನ್ಮೆಂಟ್ ತಂಬಿ

ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆಯವರು ಮದರಾಸು ಸೈನ್ಯದ ಕಾಲದಲ್ಲಿ ಬಳ್ಳಾರಿ ಕಂಟೋನ್ಮೆಂಟಿಗೆ ಬಂದವರು, ತಮಿಳರು. ಕನ್ನಡ ಪೂಜೆ, ತೆಲುಗು ಪೂಜೆ, ತಮಿಳು ಪೂಜೆ ಬೇರೆ ಬೇರೆ ಹೊತ್ತಿಗೆ ಆಗುವುದರಿಂದ ನಾವು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ನನ್ನ ಪ್ರಕಾರ ಎಲ್ಲರಿಗೂ ಒಂದೇ ಪೂಜೆ ಕನ್ನಡದಲ್ಲಿ ಸಾಕು. ನನ್ನ ಮಕ್ಕಳಿಗೆ ತಮಿಳು ಓದಲು ಬರುವುದಿಲ್ಲ.

ಗಂಗಾವತಿ ಕ್ಯಾಂಪ್

ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಕ್ಕಳಿಗೆ ಸರಿ, ನಮ್ಮ ಅಜ್ಜಿಗೆ? ದುಃಖದಲ್ಲಿ ಅವರ ಬಾಯಿಗೆ ಬರುವುದು ತೆಲುಗು ಜಪ ಮಾತ್ರ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಗೆ ಜನರ ಭಾಷೆಯ ಬಾಗಿಲು ತೆರೆದದ್ದು ಯಾಕೆ? ಲ್ಯಾಟಿನ್ ಕೇಳಿ ಕೂರುತ್ತಿದ್ದ ಜನ ತಮ್ಮ ಮಾತಿನಲ್ಲಿ ಪ್ರಾರ್ಥಿಸಲಿ ಅಂತ. ಈಗ ಒಂದೇ ಭಾಷೆ ಅಂದರೆ ಹೇಗೆ?

ಕೋಟೆ ಕೆಳಗೆ

ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ಹೀಗಿರುವಾಗ ಇಲ್ಲಿ ಬರೀ ಒಂದು ಭಾಷೆ ಇರಲು ಸಾಧ್ಯವೇ? ಆದರೆ ಕರ್ನಾಟಕದಲ್ಲಿದ್ದ ಮೇಲೆ ಕನ್ನಡ ಪೂಜೆಗೆ ಒಳ್ಳೆಯ ಹೊತ್ತು ಸಿಗಲೇಬೇಕು. ಕೆಲವು ಕಡೆ ಕನ್ನಡದವರಿಗೆ ಎಲ್ಲರಿಗಿಂತ ಅನಾನುಕೂಲದ ಹೊತ್ತು ಕೊಡುತ್ತಾರೆ. ಆ ನೋವು ನಿಜ.

ಕಂಟೋನ್ಮೆಂಟ್ ತಂಬಿ

@ಗಂಗಾವತಿ ಕ್ಯಾಂಪ್, ಅಜ್ಜಿಯಂಥವರಿಗೆ ವಾರದ ನಡುವೆ ತೆಲುಗು, ತಮಿಳು ಪೂಜೆ ಇಡಲಿ. ಭಾನುವಾರ ಮಾತ್ರ ಒಟ್ಟಿಗೆ ಇರೋಣ ಅನ್ನುತ್ತೇನೆ.

ಗಂಗಾವತಿ ಕ್ಯಾಂಪ್

ವಾರದ ನಡುವೆ ಕೂಲಿ ಬಿಟ್ಟು ಯಾರು ಬರುತ್ತಾರೆ ಅಣ್ಣಾ?

ಹೊಸಪೇಟೆ ಹಳಬ

ನಮ್ಮಲ್ಲಿ ಹಬ್ಬದ ದಿನ ಒಂದೇ ದೊಡ್ಡ ಪೂಜೆ. ಮೊದಲ ವಾಚನ ತೆಲುಗು, ಎರಡನೆಯದು ತಮಿಳು, ಶುಭಸಂದೇಶ ಕನ್ನಡದಲ್ಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಕೊಂಕಣಿ, ಮಲಯಾಳಂ ಕೂಡ ಬರುತ್ತದೆ. ತುಂಗಭದ್ರಾ ಅಣೆಕಟ್ಟೆ ಕಟ್ಟುವ ಕಾಲದಲ್ಲಿ ಕೆಲಸಕ್ಕೆ ಬಂದು ಉಳಿದವರ ಮನೆಗಳು ಈಗಲೂ ಇವೆ. ಉಳಿದ ಭಾನುವಾರ ಅವರವರ ಭಾಷೆ. ಹಾಡು ಯಾವ ಭಾಷೆಯದಾದರೂ ಎಲ್ಲರಿಗೂ ಬರುತ್ತದೆ. ನಮ್ಮ ಕನ್ನಡದ ಹುಡುಗರು ತೆಲುಗು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ.

ಲಿಂಗಸುಗೂರು–ಬೆಂಗಳೂರು

ತಡವಾಗಿ ಬರೆಯುತ್ತಿದ್ದೇನೆ. ನಾನು ಗುಳೆ ಹೋದವರ ಮಗಳು. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋದರು. ನಾನು ಅಲ್ಲೇ ಬೆಳೆದೆ. ಮದುವೆಗೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ ತನ್ನಿ ಅಂದರು. ಮನೆಯಲ್ಲಿ ಒಂದು ಕಾಗದವೂ ಇಲ್ಲ. ತಗಡಿನ ಶೆಡ್ಡುಗಳಲ್ಲಿ ಇದ್ದವರಿಗೆ ಕಾಗದ ಎಲ್ಲಿ ಉಳಿಯುತ್ತದೆ?

ಊರಿನ ಧರ್ಮಕೇಂದ್ರಕ್ಕೆ ಫೋನ್ ಮಾಡಿದೆ. ಹುಟ್ಟಿದ ದಿನಾಂಕ ಸರಿಯಾಗಿ ಗೊತ್ತಿರಲಿಲ್ಲ. ಕಚೇರಿಯಲ್ಲಿದ್ದವರು ಬೇಸರಪಡಲಿಲ್ಲ. "ನಿಮ್ಮ ಜ್ಞಾನತಾಯಿ (ಗಾಡ್‌ಮದರ್) ಯಾರು, ಆ ವರ್ಷ ಯಾವ ಹಬ್ಬದ ಹತ್ತಿರ ಸ್ನಾನ ಕೊಟ್ಟರು, ಅಮ್ಮನನ್ನು ಕೇಳಿ" ಅಂದರು. ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ ಅಂತ ಅಮ್ಮನಿಗೆ ನೆನಪಿತ್ತು. ಆ ಒಂದು ಸುಳಿವು ಹಿಡಿದು ಹಳೆಯ ದಾಖಲೆ ಪುಸ್ತಕದಲ್ಲಿ ಹುಡುಕಿದರು. ಸಿಕ್ಕಿತು! ನನ್ನ ಹೆಸರು, ಅಪ್ಪ ಅಮ್ಮನ ಹೆಸರು, ಹಳ್ಳಿಯ ಹೆಸರು, ಎಲ್ಲ ಅಚ್ಚುಕಟ್ಟಾದ ಕೈಬರಹದಲ್ಲಿ. ಮದುವೆ ಆದ ಮೇಲೆ ಬೆಂಗಳೂರಿನಿಂದ ಅಲ್ಲಿಗೆ ಪತ್ರ ಹೋಗಿ, ಅದೇ ಸಾಲಿನ ಪಕ್ಕ ನನ್ನ ಮದುವೆಯನ್ನೂ ಬರೆದಿದ್ದಾರೆ. ಹಾಗೆ ಬರೆಯಬೇಕು ಅಂತ ನಿಯಮ ಇದೆಯಂತೆ.

ನಮ್ಮ ಹೆಸರಿನಲ್ಲಿ ಆ ಊರಲ್ಲಿ ಹೊಲ ಇಲ್ಲ, ಮನೆ ಬಿದ್ದುಹೋಗಿದೆ. ಆದರೆ ಆ ಪುಸ್ತಕದಲ್ಲಿ ನಾವಿದ್ದೇವೆ. ಬರೆದಿಟ್ಟವರಿಗೂ ಗೆದ್ದಲು ಹಿಡಿಯದಂತೆ ಕಾಪಾಡಿದವರಿಗೂ ನಾನು ಋಣಿ.

ಕೊಪ್ಪಳ ನಿವೃತ್ತ

ಹೌದು ತಾಯಿ, 535ನೇ ವಿಧಿ. ದೀಕ್ಷಾಸ್ನಾನ, ಮದುವೆ, ಮರಣ, ಮೂರಕ್ಕೂ ಪುಸ್ತಕ ಇಡಬೇಕು. ಅದನ್ನು ಬರೆಯುವವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕ ಕೇಳುವವನು

ಪುಸ್ತಕ ಸರಿಯಾಗಿ ಇಟ್ಟರೆ ಏನಾಗುತ್ತದೆ ನೋಡಿ. ನಾನು ಹೇಳುವುದೂ ಇದನ್ನೇ.

ಮೆಥೋಡಿಸ್ಟ್ ಟೀಚರ್

ನಾನು ರಾಯಚೂರಿನವಳು, ಮೆಥೋಡಿಸ್ಟ್ ಸಭೆ. ನಿಮ್ಮಲ್ಲಿ ನನಗೆ ಇಷ್ಟ ಆಗುವುದು ಕಾಯಿಲೆಯವರನ್ನು ನೋಡುವ ಕ್ರಮ. ನನ್ನ ಪಕ್ಕದ ಮನೆಯ ಅಮ್ಮ ಹಾಸಿಗೆ ಹಿಡಿದಿದ್ದಾರೆ. ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡು ಬರುತ್ತಾರೆ. ಆ ದಿನ ಅವರು ಬೆಳಗ್ಗೆಯೇ ಒಳ್ಳೆಯ ಸೀರೆ ಉಡಿಸಿ ಅನ್ನುತ್ತಾರೆ. ಮಳೆ ಇರಲಿ, ರಾಯಚೂರಿನ ಬಿಸಿಲಿರಲಿ, ಬರುವುದು ತಪ್ಪಿಲ್ಲ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ ಇರುತ್ತದಲ್ಲ, ಆಗ ನಾವು ನಿಮ್ಮಲ್ಲಿಗೆ, ನೀವು ನಮ್ಮಲ್ಲಿಗೆ ಬರುವುದು ಇನ್ನೂ ಜಾಸ್ತಿ ಆಗಲಿ.

ಶಕ್ತಿನಗರ ಶಿಫ್ಟ್

ಬಿಸಿಲು ಅಂದಿರಲ್ಲ ಟೀಚರ್, ಏಪ್ರಿಲ್ ಮೇನಲ್ಲಿ ಪೂಜೆ ಬೆಳಗ್ಗೆ ಆರಕ್ಕೇ ಇಟ್ಟರೆ ಒಳ್ಳೆಯದು. ಎಂಟೂವರೆಗೆ ತಗಡಿನ ಚಾವಣಿ ಕೆಳಗೆ ಮಕ್ಕಳನ್ನು ಕೂರಿಸಲು ಆಗುವುದಿಲ್ಲ.

ಹಾಡುಗಾರ್ತಿ

ಆರಕ್ಕೆ ಪೂಜೆ, ಏಳೂವರೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಬಳ್ಳಾರಿ ಭಾನುವಾರ ಅಂದರೆ ಇದೇ. ನಮ್ಮಲ್ಲಿ ಪೂಜೆ ಮುಗಿದ ಮೇಲೆ ಯಾರೂ ಓಡಿಹೋಗುವುದಿಲ್ಲ. ಮರದ ಕೆಳಗೆ ಒಂದು ಗಂಟೆ ಮಾತು. ಹುಡುಗಿಗೆ ಗಂಡು ನೋಡುವುದು, ಕೆಲಸ ಕೊಡಿಸುವುದು, ಮುನಿಸು ಬಿಡಿಸುವುದು ಎಲ್ಲ ಅಲ್ಲೇ.

ಕಂಟೋನ್ಮೆಂಟ್ ತಂಬಿ

ಮಿರ್ಚಿ ವಿಷಯಕ್ಕೆ ಬಂದರೆ ಕೊಪ್ಪಳದವರದು ಚೆನ್ನಾಗಿರುತ್ತದೆ.

ಹಾಡುಗಾರ್ತಿ

ಸಾಧ್ಯವೇ ಇಲ್ಲ. ಬಳ್ಳಾರಿಯದೇ.

ಕೋಟೆ ಕೆಳಗೆ

2020ರ ಲಾಕ್‌ಡೌನ್ ನೆನಪಿದೆಯಾ? ಪೂಜೆ ಎಲ್ಲ ಮೊಬೈಲಿನಲ್ಲಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಪಟ್ಟಿ ಮಾಡಿ, ನಮ್ಮ ಯುವತಿಯರು ದಿನಾ ಸಂಜೆ ಅವರಿಗೆ ಸಾದಾ ಫೋನಿನಲ್ಲೇ ಕರೆ ಮಾಡಿ ಜೊತೆಗೆ ಜಪಸರ ಹೇಳುತ್ತಿದ್ದರು. ಮಾತ್ರೆ ಮುಗಿದಿದೆಯಾ ಅಂತ ಕೇಳಿ ತಂದುಕೊಡುತ್ತಿದ್ದರು. ಒಬ್ಬ ಅಜ್ಜಿಗೆ ಈಗಲೂ ಒಬ್ಬ ಹುಡುಗಿ ಕರೆ ಮಾಡುತ್ತಾಳೆ.

ಕೌಲ್‌ಬಜಾರ್ ಅಕ್ಕ

ಎಲ್ಲರೂ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸುಮ್ನೆ ಓದಿ ಬಿಡುವುದು ಬೇಡ. ನಮ್ಮ ಕಿರು ಸಮುದಾಯದ ಸಭೆಯಲ್ಲಿ ಎರಡು ವಿಷಯ ಇಡುತ್ತೇನೆ: ಪರೀಕ್ಷೆ ಕಾಲದಲ್ಲಿ ರಾತ್ರಿ ಕೋಣೆ ತೆರೆಯುವುದು, ಉಪದೇಶಿಗಳ ಮಕ್ಕಳ ಫೀಸಿಗೆ ಪ್ರತಿ ವರ್ಷ ಒಂದು ಮೊತ್ತ ತೆಗೆದಿಡುವುದು. ಎರಡನೆಯದಕ್ಕೆ ಲೆಕ್ಕ ನೋಡಿಕೊಳ್ಳಲು ಯಾರು ಬರುತ್ತೀರಿ?

ಲೆಕ್ಕ ಕೇಳುವವನು

ನಾನು ಬರುತ್ತೇನೆ. ಮೊದಲ ದಿನದಿಂದಲೇ ರಸೀದಿ ಪುಸ್ತಕ ಇರಬೇಕು.

ನೆರೆಮನೆ ಬಸವ

ಫೀಸಿನ ಹಣಕ್ಕೆ ಹೊರಗಿನವರೂ ಕೊಡಬಹುದಾ? ಅಮ್ಮ ಕೇಳುತ್ತಿದ್ದಾರೆ.

ಗಂಗಾವತಿ ಕ್ಯಾಂಪ್

ಖಂಡಿತ ಕೊಡಬಹುದು ಬಸವಣ್ಣ. ಅಕ್ಕಾ, ಸಭೆ ಯಾವ ದಿನ ಅಂತ ಮೊದಲೇ ಹೇಳಿ. ನಾಟಿ ಶುರುವಾದರೆ ನಮ್ಮ ಕಡೆಯಿಂದ ಯಾರೂ ಬರಲು ಆಗುವುದಿಲ್ಲ.